ಭತ್ತದ ಹುಲ್ಲು ಹಾಕಿದಾಗ ಫಿಲ್ಟರ್ ದಾಟಿ ಬರುವ ಬಿಳಿ ಪುಡಿ ಏನು?

ಪ್ರಶ್ನೆ: ಗಾಳಿಯಿಂದ ನಡೆಯುವ ಫ್ಲೂಯಿಡೈಸ್ಡ್ ಬೆಡ್ ಗ್ಯಾಸಿಫೈಯರ್ (ಗಾಳಿಯಲ್ಲಿ ಕುದಿಯುವಂತೆ ಆಡುವ ಬಿಸಿ ಮರಳಿನ ಬೆಡ್ಡಿನಲ್ಲಿ ಹುಲ್ಲು, ಮರವನ್ನು ಉರಿಯುವ ಗ್ಯಾಸ್ ಮಾಡುವ ಯಂತ್ರ), ಬೆಡ್ 820 ಡಿಗ್ರಿ ಸೆಲ್ಸಿಯಸ್. ಮರದ ಚಕ್ಕೆ ಬಿಟ್ಟು ಭತ್ತದ ಹುಲ್ಲು ಹಾಕಿದ ಮೇಲೆ ಸೆರಾಮಿಕ್ ಫಿಲ್ಟರಿನ ಆಚೆಯ ಪೈಪಿನಲ್ಲೂ ಬಿಳಿ ಪುಡಿ ಕಟ್ಟುತ್ತಿದೆ. ಫಿಲ್ಟರ್ 700 ಡಿಗ್ರಿಯಲ್ಲಿದೆ, ಬಿರುಕಿಲ್ಲ. ಹುಲ್ಲಿನಲ್ಲಿ ಕ್ಲೋರಿನ್ 0.3%, ಆದರೆ ಗ್ಯಾಸಿನಲ್ಲಿ ಹೈಡ್ರೋಜನ್ ಕ್ಲೋರೈಡ್ 100 ಪಿಪಿಎಂ (ಹತ್ತು ಲಕ್ಷದಲ್ಲಿ 100 ಪಾಲು) ಕೂಡ ಕಾಣುತ್ತಿಲ್ಲ.

ಉತ್ತರ: ಫಿಲ್ಟರ್ ಧೂಳನ್ನು ತಡೆಯುತ್ತದೆ, ಆವಿಯನ್ನಲ್ಲ. 700 ಡಿಗ್ರಿಯಲ್ಲಿ ಪೊಟ್ಯಾಶಿಯಂ ಕ್ಲೋರೈಡ್ ಹತ್ತಾರು ಪಿಪಿಎಂ ಆವಿಯಾಗಿಯೇ ಉಳಿದು, ಮುಂದೆ ತಣ್ಣಗಾದ ಕಡೆ ಪುಡಿಯಾಗುತ್ತದೆ. ಫಿಲ್ಟರಿಗೆ ಮುಂಚೆಯೇ ಗ್ಯಾಸನ್ನು 500–550ಕ್ಕೆ ಇಳಿಸಿ, ಆಗ ಆವಿ ಮೊದಲೇ ಪುಡಿಯಾಗಿ ಫಿಲ್ಟರಿನಲ್ಲೇ ಸಿಕ್ಕಿಬೀಳುತ್ತದೆ.

ಲೆಕ್ಕವನ್ನೂ ನೋಡಿ. ಕಿಲೋ ಹುಲ್ಲಿಗೆ 3 ಗ್ರಾಂ ಕ್ಲೋರಿನ್, ಗ್ಯಾಸ್ ಸುಮಾರು 2 ಘನ ಮೀಟರ್. ಎಲ್ಲವೂ ಹೈಡ್ರೋಜನ್ ಕ್ಲೋರೈಡ್ ಆಗಿದ್ದರೆ 950 ಪಿಪಿಎಂ ಕಾಣಬೇಕಿತ್ತು. ಗ್ಯಾಸಿನಲ್ಲಿ ಕಾಣದ ಕ್ಲೋರಿನ್‌ನಲ್ಲಿ ಬಹುಪಾಲು ಫಿಲ್ಟರ್ ಬೂದಿಯಲ್ಲಿ ಪೊಟ್ಯಾಶಿಯಂ ಕ್ಲೋರೈಡ್ ಆಗಿ ಇರುತ್ತದೆ. ಬೂದಿಯನ್ನು ನೀರಲ್ಲಿ ಕದಡಿ ಸೋಸಿ, ಆ ನೀರಿನ ಕ್ಲೋರೈಡ್ ಅಳೆಯಿರಿ. ಇನ್ನೊಂದು ಕಳ್ಳದಾರಿ ಸ್ಯಾಂಪಲ್ ಲೈನ್ (ಅಳೆಯಲು ಗ್ಯಾಸ್ ಒಯ್ಯುವ ಸಣ್ಣ ಪೈಪು): ಅದು 150 ಡಿಗ್ರಿ ಆಸುಪಾಸಿಗೆ ತಣ್ಣಗಾದರೆ ಹೈಡ್ರೋಜನ್ ಕ್ಲೋರೈಡ್ ಗ್ಯಾಸಿನಲ್ಲಿರುವ ಅಮೋನಿಯಾ ಜತೆ ಸೇರಿ ಅಮೋನಿಯಂ ಕ್ಲೋರೈಡ್ ಆಗಿ ಒಳಗೇ ಅಂಟುತ್ತದೆ. ಲೈನನ್ನು 300ರ ಮೇಲೆ ಬಿಸಿ ಇಡಿ.

ಪುಡಿ ಯಾವುದೆಂದು ತಿಳಿಯಲು ಚಿಟಿಕೆಯಷ್ಟನ್ನು ಒದ್ದೆ ಸುಣ್ಣದ ಜತೆ ಕಲಸಿ. ಅಮೋನಿಯಾ ವಾಸನೆ ಬಂದರೆ ಅಮೋನಿಯಂ ಉಪ್ಪಿದೆ.

ಪ್ರಶ್ನೆ: ಹುಲ್ಲಿನ ಜತೆ ಕಯೋಲಿನ್ (ಬಿಳಿ ಜೇಡಿಮಣ್ಣು) ಹಾಕಬಹುದೇ?

ಉತ್ತರ: ಹಾಕಬಹುದು, ಪೊಟ್ಯಾಶಿಯಂ ಅನ್ನು ಸಿಲಿಕೇಟ್ ಆಗಿ ಹಿಡಿದಿಡುತ್ತದೆ. ಪೊಟ್ಯಾಶಿಯಂ 1% ಇರುವ 100 ಕಿಲೋ ಹುಲ್ಲಿಗೆ ಕಾಗದದ ಲೆಕ್ಕದಲ್ಲೇ 3.3 ಕಿಲೋ ಬೇಕು. ಎಲ್ಲ ಕಣವೂ ಕೆಲಸ ಮಾಡದ್ದರಿಂದ ನಿಜವಾಗಿ ಹೆಚ್ಚೇ ಬೇಕಾಗುತ್ತದೆ. ಪೊಟ್ಯಾಶಿಯಂ ಕಿತ್ತುಕೊಂಡರೆ ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಆಗಿ ಹೊರಬೀಳುತ್ತದೆ, ಮುಂದೆ ನಿಕಲ್ ಕ್ಯಾಟಲಿಸ್ಟ್ (ಗ್ಯಾಸಿನ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತು) ಇದ್ದರೆ ಇದು ಹೊಸ ತಲೆನೋವು. ಆಗ 500–550ಕ್ಕೆ ತಣ್ಣಗಾದ ಗ್ಯಾಸಿಗೆ ಫಿಲ್ಟರಿನ ಮುಂಚೆ ಸೋಡಿಯಂ ಬೈಕಾರ್ಬೊನೇಟ್ ಪುಡಿ ಊದಿ. ಈ ಬಿಸಿಯಲ್ಲಿ ಸುಣ್ಣಕ್ಕಿಂತ ಅದೇ ಮೇಲು.

ಬೆಡ್ಡಿನಲ್ಲಿ ಕ್ವಾರ್ಟ್ಜ್ ಮರಳಿದ್ದರೆ 820 ಹೆಚ್ಚಾಯಿತು. ಪೊಟ್ಯಾಶಿಯಂ ಸಿಲಿಕೇಟ್ ಕರಗಿ ಮರಳು ಗಂಟುಕಟ್ಟುತ್ತದೆ. ಬೆಡ್ಡಿನ ಮೇಲಿನ, ಕೆಳಗಿನ ಥರ್ಮೋಕಪಲ್‌ಗಳು (ಬಿಸಿ ಅಳೆಯುವ ತಂತಿಗಳು) ತೋರಿಸುವ ಬಿಸಿಯ ಅಂತರ ಬೆಳೆಯುತ್ತಾ ಬೆಡ್ಡಿನ ಒತ್ತಡ ವ್ಯತ್ಯಾಸ ಇಳಿಯುತ್ತಿದ್ದರೆ ಗಂಟು ಶುರುವಾಗಿದೆ ಎಂದೇ ಅರ್ಥ. 750–780ಕ್ಕೆ ಇಳಿಸಿ, ಸಾಧ್ಯವಾದರೆ ಕ್ವಾರ್ಟ್ಜ್ ಬದಲು ಆಲಿವೀನ್ (ಮೆಗ್ನೀಶಿಯಂ, ಕಬ್ಬಿಣದ ಖನಿಜ) ಮರಳು ಹಾಕಿ.