ಪದ ಬೇಕು: ‘ಡಿಪೆಂಡೆನ್ಸಿ’ ಅವಲಂಬನೆಯೋ, ಅವಲಂಬಿತವೋ? (ನಾಳೆಯೇ ಅಚ್ಚಿಗೆ)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ವಿದ್ಯಾರ್ಥಿಗಳಿಗೆಂದು ಜಾವಾ ಬಿಲ್ಡ್ (ಕೋಡನ್ನು ಓಡುವ ತಂತ್ರಾಂಶವಾಗಿ ಕಟ್ಟುವ ಕೆಲಸ) ಕುರಿತ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಪುಟಗಳು ನಾಳೆ ಬೆಳಗ್ಗೆ 11ಕ್ಕೆ ಅಚ್ಚಿಗೆ ಹೋಗಬೇಕು. ನಾಲ್ಕು ಪದ ಇನ್ನೂ ಇತ್ಯರ್ಥವಾಗಿಲ್ಲ: ಡಿಪೆಂಡೆನ್ಸಿ (ಪ್ರಾಜೆಕ್ಟಿಗೆ ಬೇಕಾಗುವ ಬೇರೆ ಲೈಬ್ರರಿ, ಅಂದರೆ ಇತರರು ಬರೆದಿಟ್ಟ ಕೋಡು), ಟ್ರಾನ್ಸಿಟಿವ್ ಡಿಪೆಂಡೆನ್ಸಿ, ಮೇವನ್ ಎಂಬ ಬಿಲ್ಡ್ ಸಾಧನದ ಬಿಒಎಂ (ಬಿಲ್ ಆಫ್ ಮೆಟೀರಿಯಲ್ಸ್), ಲಾಕ್ ಫೈಲ್. ಕರಡಿನಲ್ಲಿ ಕ್ರಮವಾಗಿ ಅವಲಂಬಿತ, ಸಕರ್ಮಕ ಅವಲಂಬಿತ, ಸಾಮಗ್ರಿ ಪಟ್ಟಿ, ಬೀಗದ ಕಡತ ಎಂದಿವೆ.

ಪದ ಕೂರಬೇಕಾದ ವಾಕ್ಯಗಳು ಇಂಥವು: “ಈ ಪ್ರಾಜೆಕ್ಟಿಗೆ 12 ನೇರ ——ಗಳಿವೆ, ಅವುಗಳ ಹಿಂದೆ ಇನ್ನೂ 80 ಬರುತ್ತವೆ.” “ಒಂದೇ ——ಯ ಎರಡು ಆವೃತ್ತಿ ಎದುರಾದರೆ ಮೇವನ್ ಒಂದನ್ನಷ್ಟೇ ಇಟ್ಟುಕೊಳ್ಳುತ್ತದೆ.” ಇಂದು ರಾತ್ರಿಯೊಳಗೆ ತಿಳಿಸಿದರೆ ಉಪಕಾರ.

ಉತ್ತರ 1

ಮೇಡಂ, ‘ಸಕರ್ಮಕ’ವನ್ನು ಮೊದಲು ತೆಗೆಯಿರಿ. ಅದು ಕ್ರಿಯಾಪದದ ಮಾತು, ಲೈಬ್ರರಿಗೆ ಕರ್ಮಪದವಿಲ್ಲ. ಇಲ್ಲಿ ಬೇಕಾದದ್ದು ಗಣಿತದ ಅರ್ಥ: ‘ಕ’ಗೆ ‘ಖ’ ಬೇಕು, ‘ಖ’ಗೆ ‘ಗ’ ಬೇಕು, ಆದ್ದರಿಂದ ‘ಕ’ಗೆ ‘ಗ’ ಬೇಕೇ ಬೇಕು.

‘ಅವಲಂಬಿತ’ ಇನ್ನೂ ಅಪಾಯದ್ದು, ಏಕೆಂದರೆ ಅದು ಸರಿಯಾಗಿರುವಂತೆ ಕಾಣುತ್ತದೆ. ದಿಕ್ಕು ತಿರುಗಿಬಿಟ್ಟಿದೆ. ಅರ್ಜಿ ನಮೂನೆಗಳಲ್ಲಿ ‘ಅವಲಂಬಿತರು’ ಎಂಬ ಕಾಲಂ ಇರುತ್ತದಲ್ಲ, ಅಲ್ಲಿ ಬರೆಯುವುದು ಸಂಬಳ ತರುವವರ ಹೆಸರಲ್ಲ, ಆ ಸಂಬಳವನ್ನು ನೆಚ್ಚಿಕೊಂಡವರ ಹೆಸರು. ಬಿಲ್ಡ್‌ನಲ್ಲಿ ನೆಚ್ಚಿಕೊಂಡಿರುವುದು ನಮ್ಮ ಪ್ರಾಜೆಕ್ಟು. ನಾವು ಬಳಸುವ ಜ್ಯಾಕ್ಸನ್ ಎಂಬ ಜಾವಾ ಲೈಬ್ರರಿ ನಮ್ಮನ್ನು ನೆಚ್ಚಿಲ್ಲ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಎನ್‌ಪಿಎಂ ತಾಣದಲ್ಲಿ ಪ್ರತಿ ಪ್ಯಾಕೇಜಿಗೂ ಡಿಪೆಂಡೆನ್ಸಿ ಎಷ್ಟು, ಡಿಪೆಂಡೆಂಟ್ ಎಷ್ಟು ಎಂದು ಎರಡು ಬೇರೆ ಎಣಿಕೆಗಳಿವೆ. ಮೊದಲನೆಯದು ಇದಕ್ಕೆ ಏನೇನು ಬೇಕು ಎಂಬುದು, ಎರಡನೆಯದು ಇದು ಯಾರ್‍ಯಾರಿಗೆ ಬೇಕು ಎಂಬುದು. ಎರಡಕ್ಕೂ ಒಂದೇ ಪದ ಕೊಟ್ಟರೆ, ‘ಈ ಲೈಬ್ರರಿ ತೆಗೆದರೆ ಯಾವುದು ಕೆಡುತ್ತದೆ’ ಎಂಬ ಪ್ರಶ್ನೆಗೆ ವಿದ್ಯಾರ್ಥಿ ತಲೆಕೆಳಗಾದ ಉತ್ತರ ಬರೆಯುತ್ತಾನೆ.

ಡಿಪೆಂಡೆನ್ಸಿಗೆ ಅವಲಂಬನೆ. ಡಿಪೆಂಡೆಂಟ್‌ಗೆ ಅವಲಂಬಿತ. ಅದಲುಬದಲು ಮಾಡಬೇಡಿ.

ಉತ್ತರ 2

ಅವಲಂಬನೆ, ಅವಲಂಬಿತ, ಬಾಲದ ಎರಡಕ್ಷರದಲ್ಲಿ ಅರ್ಥ ಪೂರಾ ತಿರುಗುವ ಜೋಡಿ ಇದು. ಹದಿನೆಂಟರ ಹುಡುಗರಿಗೆ ಇದನ್ನು ಕೊಡಬೇಡಿ. ‘ಆಸರೆ’ ಎನ್ನಿ. ದಿಕ್ಕಿನ ಗೊಂದಲವೇ ಹುಟ್ಟುವುದಿಲ್ಲ: ಬಳ್ಳಿಗೆ ಚಪ್ಪರ ಆಸರೆ, ಚಪ್ಪರಕ್ಕೆ ಬಳ್ಳಿ ಆಸರೆ ಎಂದು ಯಾರೂ ಹೇಳರು. ಅಚ್ಚಗನ್ನಡದ ಮಾತು ಮನೆಯಲ್ಲೇ ಇರುವಾಗ ಸಂಸ್ಕೃತದ ಬಾಗಿಲು ತಟ್ಟುವುದೇಕೆ?

ಉತ್ತರ 3

‘ಆಸರೆ’ ಅಚ್ಚಗನ್ನಡವಲ್ಲ. ‘ಆಶ್ರಯ’ದ ತದ್ಭವ. ಇಷ್ಟನ್ನೂ ನೋಡದೆ ಶುದ್ಧಿಯ ಮಾತಾಡಬಾರದು.

ಬೇರು ನೋಡುವುದಾದರೆ ಪೂರ್ತಿ ನೋಡೋಣ. ‘ಅವಲಂಬ’ದಲ್ಲಿರುವ ಧಾತು ‘ಲಂಬ್’. ತೂಗು, ಜೋಲು ಎಂದರ್ಥ. ವಿಲಂಬ, ಆಲಂಬನ ಅದೇ ಮನೆಯವು. ಇಂಗ್ಲಿಷಿನ ಪದದ ಹಿಂದಿರುವ ಲ್ಯಾಟಿನ್ ಕ್ರಿಯಾಪದಕ್ಕೂ ಕೆಳಕ್ಕೆ ತೂಗು ಎಂದೇ ಅರ್ಥ. ಸಂಸ್ಕೃತದಲ್ಲಿ ‘ಅವಲಂಬನ’ ತೂಗುವ ಕ್ರಿಯೆಗೂ ಸಲ್ಲುತ್ತದೆ, ಹಿಡಿದುಕೊಳ್ಳುವ ಆಸರೆಗೂ ಸಲ್ಲುತ್ತದೆ. ಡಿಪೆಂಡೆನ್ಸಿಯೂ ಹಾಗೆಯೇ ಸಂಬಂಧದ ಹೆಸರಾಗಿ ಹುಟ್ಟಿ ವಸ್ತುವಿನ ಹೆಸರಾಯಿತು. ಎರಡೂ ಕಡೆ ಅರ್ಥ ಒಂದೇ ದಾರಿ ಹಿಡಿದಿರುವಾಗ ಒಂದನೇ ಉತ್ತರದವರ ಪದವನ್ನು ಬಿಡಲು ಕಾರಣವಿಲ್ಲ.

ಉತ್ತರ 2

ತದ್ಭವವಾಗಿ ನಾಲಗೆಗೆ ಒಗ್ಗಿದ ಮೇಲೆ ಅದು ಕನ್ನಡವೇ, ಮೇಷ್ಟ್ರೇ. ಬೇರೇ ಬೇಕೆಂದರೆ ‘ಆನು’ ಇದೆ: ಗೋಡೆಗೆ ಆತುಕೊಂಡು ನಿಂತ ಎನ್ನುವುದಿಲ್ಲವೇ? ಅದರಿಂದ ‘ಆನಿಕೆ’ ಮಾಡಿ. ಟ್ರಾನ್ಸಿಟಿವ್‌ಗೆ ‘ಹಿಂದಾನಿಕೆ’. ‘ನೇರ ಅವಲಂಬನೆ’ ಹೇಗೂ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ ದೋಷ.

ಉತ್ತರ 3

‘ನೇರ’ ಗುಣವಾಚಕ ಪೂರ್ವಪದ. ಸಮಾಸವೆಂದೇ ಹಿಡಿದರೂ ಗಮಕ. ಗಮಕಕ್ಕೆ ಅರಿದೋಷವಿಲ್ಲ. ‘ಮಳೆಗಾಲ’ವನ್ನು ಬಿಟ್ಟುಕೊಡಲು ಸಿದ್ಧರಿದ್ದರೆ ಆಮೇಲೆ ಮಾತಾಡಿ.

ಉತ್ತರ 4

‘ಹಿಂದಾನಿಕೆ’ ಬೇಡ. ಪದ ಹೊಸೆಯುವ ಮೊದಲು ಅದು ಮಾಡಬೇಕಾದ ಕೆಲಸವನ್ನು ನೋಡಿ.

ಪ್ರಾಜೆಕ್ಟಿಗೆ ‘ಕ’ ಮತ್ತು ‘ಖ’ ಎಂಬ ಎರಡು ಲೈಬ್ರರಿ ನೇರವಾಗಿ ಬೇಕು. ‘ಕ’ ಜ್ಯಾಕ್ಸನ್ 2.15 ಕೇಳುತ್ತದೆ. ‘ಖ’ಗೆ ‘ಗ’ ಬೇಕು, ‘ಗ’ ಜ್ಯಾಕ್ಸನ್ 2.17 ಕೇಳುತ್ತದೆ. ಮೇವನ್ ಹೊಸತು ಯಾವುದೆಂದು ನೋಡುವುದಿಲ್ಲ, ಹತ್ತಿರದ್ದು ಯಾವುದೆಂದು ನೋಡುತ್ತದೆ. 2.15 ಎರಡು ಹೆಜ್ಜೆಯಲ್ಲಿದೆ, 2.17 ಮೂರು ಹೆಜ್ಜೆಯಲ್ಲಿದೆ, ಹಾಗಾಗಿ 2.15 ಉಳಿಯುತ್ತದೆ. ಹೆಜ್ಜೆ ಸಮನಾದರೆ ಪಾಮ್ ಕಡತದಲ್ಲಿ (ಮೇವನ್‌ಗೆ ಪ್ರಾಜೆಕ್ಟಿನ ವಿವರ ಹೇಳುವ ಕಡತ) ಮೊದಲು ಬರೆದದ್ದು ಗೆಲ್ಲುತ್ತದೆ. ಗ್ರೇಡಲ್ ಎಂಬ ಇನ್ನೊಂದು ಬಿಲ್ಡ್ ಸಾಧನ ಇದೇ ಜಾಗದಲ್ಲಿ ದೊಡ್ಡ ಆವೃತ್ತಿಯನ್ನು ಆರಿಸಿ 2.17 ತರುತ್ತದೆ. ‘ಗ’ ಮೊದಲೇ ಕಂಪೈಲ್ ಆಗಿ ಬಂದಿರುವುದರಿಂದ ಮೇವನ್ ಬಿಲ್ಡ್ ಏನೂ ಹೇಳದೆ ಮುಗಿಯುತ್ತದೆ. 2.17ರಲ್ಲಷ್ಟೇ ಇರುವ ಮೆಥಡ್ಡನ್ನು ‘ಗ’ ಕರೆದ ಕ್ಷಣ, ಓಡುತ್ತಿರುವ ಸರ್ವರಿನಲ್ಲಿ ‘ನೋ ಸಚ್ ಮೆಥಡ್ ಎರರ್’ ಬೀಳುತ್ತದೆ. ಪಾಮ್ ಕಡತ ತೆರೆದರೆ ಅಲ್ಲಿ ಜ್ಯಾಕ್ಸನ್ ಹೆಸರೇ ಇಲ್ಲ. ಡಿಪೆಂಡೆನ್ಸಿ ಟ್ರೀ ಆದೇಶವನ್ನು ವರ್ಬೋಸ್ ಆಯ್ಕೆಯೊಂದಿಗೆ ಓಡಿಸಿದರೆ ಮಾತ್ರ 2.17 ಕೈಬಿಟ್ಟುಹೋದದ್ದು ಕಾಣುತ್ತದೆ.

2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯ ಭದ್ರತಾ ಲೋಪ ಹೊರಬಿದ್ದಾಗ ಅನೇಕ ತಂಡಗಳು ಪೇಚಾಡಿದ್ದು ಇದಕ್ಕೇ: ತಮ್ಮ ಕಡತದಲ್ಲಿ ಬರೆಯದ ಲೈಬ್ರರಿ ಒಳಗೆ ಕೂತಿತ್ತು. ಅದನ್ನು ತಿದ್ದಿದ 2.15.0 ಬಂತು, ಅದು ಸಾಲದೆ 2.16.0, 2.17.0, 2.17.1, ಎಲ್ಲವೂ ಅದೇ ತಿಂಗಳಲ್ಲಿ. ಎಲ್ಲ ಮಾಡ್ಯೂಲುಗಳಿಗೂ (ಪ್ರಾಜೆಕ್ಟಿನ ಉಪಭಾಗಗಳಿಗೂ) ಮೇಲಿನದಾದ ಪೇರೆಂಟ್ ಪಾಮ್‌ನ ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಆವೃತ್ತಿಯನ್ನು ಒಮ್ಮೆ ಬರೆದರೆ ಹಿಂದಿನಿಂದ ಬರುವುದಕ್ಕೂ ಅದೇ ಅನ್ವಯಿಸುತ್ತದೆ. ಆದರೆ ಯಾವುದೋ ಮಾಡ್ಯೂಲಿನಲ್ಲಿ ನೇರವಾಗಿ ಬೇರೆ ಆವೃತ್ತಿ ಬರೆದಿದ್ದರೆ ಅಲ್ಲಿ ಅದೇ ಗೆಲ್ಲುತ್ತದೆ, ಆದ್ದರಿಂದ ಮಾಡ್ಯೂಲುಗಳಲ್ಲಿ ಆವೃತ್ತಿ ಬರೆಯಲೇಬಾರದು. ಮೇವನ್‌ನ ಎನ್‌ಫೋರ್ಸರ್ ಪ್ಲಗಿನ್ನಿನ ಡಿಪೆಂಡೆನ್ಸಿ ಕನ್ವರ್ಜೆನ್ಸ್ ನಿಯಮ ಹಾಕಿದರೆ, ಎರಡು ಆವೃತ್ತಿ ಎದುರಾದಾಗ ಬಿಲ್ಡ್ ಅಲ್ಲೇ ನಿಲ್ಲುತ್ತದೆ.

ಈ ಪಾಠಕ್ಕೆ ಬೇಕಾದದ್ದು ‘ನೇರ’ಕ್ಕೆ ಎದುರು ಪದ. ನೇರ ತೆರಿಗೆ, ಪರೋಕ್ಷ ತೆರಿಗೆ ಹತ್ತನೇ ತರಗತಿಯೊಳಗೇ ಓದಿರುತ್ತಾರೆ. ನೇರ ಅವಲಂಬನೆ, ಪರೋಕ್ಷ ಅವಲಂಬನೆ. ಮುಗಿಯಿತು.

ಉತ್ತರ 5

ಬಿಒಎಂ ಬಗ್ಗೆ ಯಾರೂ ಹೇಳಲಿಲ್ಲ. ‘ಸಾಮಗ್ರಿ ಪಟ್ಟಿ’ ತಪ್ಪು ಕಲಿಸುತ್ತದೆ. ಮೇವನ್‌ನಲ್ಲಿ ಬಿಒಎಂ ಆಮದು ಮಾಡಿದರೆ ಒಂದು ಜಾರ್ (ಲೈಬ್ರರಿಯ ಕಡತ) ಕೂಡ ಒಳಗೆ ಬರುವುದಿಲ್ಲ. ಅದು ಹೋಟೆಲಿನ ದರಪಟ್ಟಿಯಂತೆ: ದೋಸೆಗೆ ಎಷ್ಟು ಎಂದು ಹೇಳುತ್ತದೆ, ದೋಸೆ ಬೇಕಾದರೆ ಬೇರೆಯಾಗಿ ಹೇಳಬೇಕು. ಜ್ಯಾಕ್ಸನ್ ಬಿಒಎಂ ಹಾಕಿದರೆ ಕೋರ್, ಡೇಟಾಬೈಂಡ್ ಮುಂತಾದ ಭಾಗಗಳು ಒಂದಕ್ಕೊಂದು ಹೊಂದುವ ಆವೃತ್ತಿಯಲ್ಲಿ ನಿಲ್ಲುತ್ತವೆ, ಬಳಸಿದರೆ ಮಾತ್ರ. ಅದನ್ನು ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್ ಒಳಗೆ, ಟೈಪ್ ಪಾಮ್, ಸ್ಕೋಪ್ ಇಂಪೋರ್ಟ್ ಎಂದು ಬರೆಯಬೇಕು. ಎರಡು ಬಿಒಎಂ ಒಂದೇ ಲೈಬ್ರರಿಗೆ ಬೇರೆ ಬೇರೆ ಆವೃತ್ತಿ ಹೇಳಿದರೆ ಮೊದಲು ಬರೆದದ್ದು ನಡೆಯುತ್ತದೆ. ಈ ಸಾಲನ್ನು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ. ‘ಆವೃತ್ತಿ ಪಟ್ಟಿ’ ಸಾಕು.

‘ಸಾಮಗ್ರಿ ಪಟ್ಟಿ’ಯನ್ನು ಎಸ್‌ಬಿಒಎಂಗೆ ಉಳಿಸಿಕೊಳ್ಳಿ. ತಂತ್ರಾಂಶದೊಳಗೆ ನಿಜಕ್ಕೂ ಏನೇನು ಸೇರಿದೆ ಎಂಬ ಪಟ್ಟಿ ಅದು. ಅಮೆರಿಕದ ಅಧ್ಯಕ್ಷರ 2021ರ ಮೇ ತಿಂಗಳ ಆದೇಶದ ನಂತರ ಅದನ್ನು ಕೇಳುವವರು ಹೆಚ್ಚಾದರು. ಹೆಸರು ಒಂದೇ, ಕೆಲಸ ಬೇರೆ.

ಉತ್ತರ 6

ಎಲ್ಲವನ್ನೂ ‘ಡಿಪೆಂಡೆನ್ಸಿ’ ಎಂದೇ ಬರೆದರೆ ಏನು ನಷ್ಟ? ತೆರೆಯ ಮೇಲೆ ಬೀಳುವ ದೋಷಸಂದೇಶ ಇಂಗ್ಲಿಷಿನದು. ‘ಪರೋಕ್ಷ ಅವಲಂಬನೆ’ ಎಂದು ಹುಡುಕಿದರೆ ವಿದ್ಯಾರ್ಥಿಗೆ ಪರಿಹಾರ ಸಿಗುವುದಿಲ್ಲ. ಅರ್ಜಿ, ರಶೀದಿ ಪಾರಸಿ-ಅರಬ್ಬಿಯಿಂದ ಬಂದವು, ಚಾವಿ ಪೋರ್ಚುಗೀಸಿನಿಂದ. ಭಾಷೆ ಬಡವಾಗಲಿಲ್ಲ.

ಉತ್ತರ 2

ಚಾವಿ ವಸ್ತುವಿನ ಜೊತೆ ಬಂದ ಹೆಸರು. ಇದು ಕಲ್ಪನೆ. ಕಲ್ಪನೆಗೆಲ್ಲ ಕಡ ತಂದರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿಪ್ರತ್ಯಯ ಮಾತ್ರ. ಅರ್ಥ ಗೊತ್ತಿಲ್ಲದ ಶಬ್ದವನ್ನು ಉರುಹೊಡೆದವನು ದಿಕ್ಕು ತಪ್ಪಿದರೂ ತಿಳಿಯನು. ಒಂದನೇ ಉತ್ತರದಲ್ಲಿ ಹೇಳಿದ ತಪ್ಪು ನಡೆದದ್ದೂ ಹಾಗೇ ಅಲ್ಲವೇ?

ಉತ್ತರ 1

ಆರನೇ ಉತ್ತರದವರ ಆಕ್ಷೇಪ ನಿಜವಾದದ್ದು, ಪರಿಹಾರ ಸರಿಯಲ್ಲ. ಪ್ರತಿ ಅಧ್ಯಾಯದಲ್ಲಿ ಮೊದಲ ಸಲ “ಅವಲಂಬನೆ, ಅಂದರೆ ತೆರೆಯ ಮೇಲೆ ಕಾಣುವ ಡಿಪೆಂಡೆನ್ಸಿ” ಎಂದು ಬರೆದುಬಿಡಿ. ಆದೇಶಗಳನ್ನೂ ಟ್ಯಾಗುಗಳನ್ನೂ ಅನುವಾದಿಸಬೇಡಿ. ಆವೃತ್ತಿ ಸಂಖ್ಯೆಯಲ್ಲಿ ಕನ್ನಡ ಅಂಕಿ ಹಾಕಬೇಡಿ. ನಕಲಿಸಿ ಪಾಮ್‌ಗೆ ಅಂಟಿಸಿದರೆ ಆ ಆವೃತ್ತಿ ರೆಪೊಸಿಟರಿಯಲ್ಲಿ ಸಿಗದೆ ಬಿಲ್ಡ್ ನಿಲ್ಲುತ್ತದೆ. 2.10 ಅನ್ನು ‘ಎರಡು ದಶಾಂಶ ಒಂದು’ ಎಂದು ಓದಿಸಬೇಡಿ. ಎರಡು ಚುಕ್ಕಿ ಹತ್ತು, 2.9ಕ್ಕಿಂತ ದೊಡ್ಡದು.

ಇನ್ನು ‘ಬೀಗದ ಕಡತ’. ಒಂದು ಪ್ರೋಗ್ರಾಂ ಕೆಲಸ ಮಾಡುವಾಗ ಇನ್ನೊಂದು ಒಳಬರದಂತೆ ಇಡುವ ಲಾಕ್ ಫೈಲ್ ಬೇರೆಯೇ ಇದೆ. ಬೀಗ ಅದಕ್ಕೆ ಸರಿ. ಇಲ್ಲಿಯದು ಯಾರನ್ನೂ ತಡೆಯುವುದಿಲ್ಲ, ಪರೋಕ್ಷವಾದವೂ ಸೇರಿ ಎಲ್ಲದರ ನಿಖರ ಆವೃತ್ತಿಯನ್ನು ಬರೆದಿಡುತ್ತದೆ. ‘ಎನ್‌ಪಿಎಂ ಸಿಐ’ ಆದೇಶ ಆ ಕಡತವನ್ನೇ ಅನುಸರಿಸುತ್ತದೆ, ಪ್ಯಾಕೇಜ್ ಕಡತದೊಂದಿಗೆ ತಾಳೆಯಾಗದಿದ್ದರೆ ದೋಷ ಕೊಟ್ಟು ನಿಲ್ಲುತ್ತದೆ. ಆದರೆ ‘ಎನ್‌ಪಿಎಂ ಇನ್‌ಸ್ಟಾಲ್’ ಆದೇಶ ಆ ಕಡತವನ್ನೇ ತಿದ್ದಿಬಿಡಬಹುದು. ಮೇವನ್‌ನಲ್ಲಿ ಇಂಥ ಕಡತ ಹುಟ್ಟಿನಿಂದ ಇಲ್ಲ, ಆ ಅಧ್ಯಾಯದಲ್ಲಿ ಪದವೇ ಬೇಕಿಲ್ಲ. ‘ನಿಗದಿತ ಆವೃತ್ತಿ ಕಡತ’ ಎನ್ನಬಹುದು.

ಉತ್ತರ 3

‘ನಿಗದಿತ’ ಬೇಡ. ‘ನಿಗದಿ’ಗೆ ‘ಇತ’ ಹತ್ತುವುದಿಲ್ಲ. ಸಂಸ್ಕೃತದಲ್ಲಿ ‘ನಿಗದಿತ’ ಎಂಬುದಿದೆ, ಅರ್ಥ ‘ಹೇಳಲ್ಪಟ್ಟದ್ದು’. ‘ನಿಗದಿ ಕಡತ’ ಎನ್ನಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಪುಟದಲ್ಲಿ ಹೀಗೆ ಹೋಗುತ್ತಿದೆ: ಅವಲಂಬನೆ, ಪರೋಕ್ಷ ಅವಲಂಬನೆ, ಆವೃತ್ತಿ ಪಟ್ಟಿ, ನಿಗದಿ ಕಡತ. ಡಿಪೆಂಡೆಂಟ್‌ಗೆ ಅವಲಂಬಿತ. ಅವಲಂಬನೆಯನ್ನು ವಿವರಿಸುವ ಮೊದಲ ವಾಕ್ಯದಲ್ಲಿ ಬಳ್ಳಿ–ಚಪ್ಪರದ ಹೋಲಿಕೆಯನ್ನು ತೆಗೆದುಕೊಂಡಿದ್ದೇನೆ. ದಿಕ್ಕು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಉತ್ತರ 2

ಚಪ್ಪರ ಬಂದಿತಲ್ಲ, ಸಂತೋಷ. ಅಲ್ಲಿ ‘ಆಸರೆ’ ಎಂದೇ ಬರೆಯಿರಿ, ‘ಆಧಾರ’ ಎಂದು ತಿದ್ದಬೇಡಿ.