ಡೇಟಾಬೇಸ್ ನಿಗಾ ತಂತ್ರಾಂಶಕ್ಕೆ ಸ್ವಯಂಚಾಲಿತ ಅಪ್‌ಡೇಟ್: ಅನುಭವ ಹಂಚಿಕೆ

ಪ್ರಶ್ನೆ: ನಮ್ಮಲ್ಲಿ ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಎರಡೂ ಡೇಟಾಬೇಸ್‌ಗಳಿವೆ. ಅವುಗಳ ಮೇಲೆ ನಿಗಾ ಇಡುವ ಸರ್ವರನ್ನೂ ಪ್ರತಿ ಯಂತ್ರದಲ್ಲಿದ್ದು ಮಾಹಿತಿ ಸಂಗ್ರಹಿಸುವ ಏಜೆಂಟ್‌ಗಳನ್ನೂ ಈವರೆಗೆ ಕೈಯಾರೆ ಅಪ್‌ಡೇಟ್ ಮಾಡುತ್ತಿದ್ದೆವು, ಇನ್ನು ಸ್ವಯಂಚಾಲಿತಗೊಳಿಸಬೇಕೆಂದಿದ್ದೇವೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಅಪ್‌ಡೇಟ್ ಅರ್ಧಕ್ಕೆ ನಿಂತರೆ ಹೇಗೂ ಗೊತ್ತಾಗುತ್ತದೆ. ಅದು ಸರಾಗವಾಗಿ ಮುಗಿದು, ಸೇವೆಯೂ ಚಾಲನೆಯಲ್ಲಿದ್ದು, ಯಾವುದೋ ಒಂದು ಮೆಟ್ರಿಕ್ (ಅಳತೆಯ ಅಂಕಿ) ಮಾತ್ರ ಸದ್ದಿಲ್ಲದೆ ಬರುವುದು ನಿಂತಾಗಲೇ ನಾವು ಪೇಚಿಗೆ ಸಿಕ್ಕಿದ್ದು. 2018ರಲ್ಲಿ, ಪ್ರೊಮಿಥಿಯಸ್ ಎಂಬ ನಿಗಾ ತಂತ್ರಾಂಶದ ಏಜೆಂಟ್ ಆದ ನೋಡ್ ಎಕ್ಸ್‌ಪೋರ್ಟರ್‌ನ 0.16 ಆವೃತ್ತಿ ಬಂದಾಗ ಅನೇಕ ಮೆಟ್ರಿಕ್‌ಗಳ ಹೆಸರೇ ಬದಲಾಯಿತು. ಪ್ರೊಮಿಥಿಯಸ್‌ನಲ್ಲಿ ಹಳೆಯ ಹೆಸರನ್ನು ಹುಡುಕುವ ಅಲರ್ಟ್ ನಿಯಮಕ್ಕೆ ಏನೂ ಸಿಗದಿದ್ದರೆ ಅದು ದೋಷವನ್ನೂ ತೋರಿಸುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆದ್ದರಿಂದ ಸ್ವಯಂಚಾಲನೆಗೆ ಮೊದಲು, ಮುಖ್ಯವಾದ ಪ್ರತಿಯೊಂದು ಮೆಟ್ರಿಕ್‌ಗೂ, ಅದು ಬಾರದಿದ್ದರೆ ಪತ್ತೆಹಚ್ಚುವ ‘ಆಬ್ಸೆಂಟ್’ ಫಂಕ್ಷನ್ ಬಳಸಿ ಪ್ರತ್ಯೇಕ ನಿಯಮವೊಂದನ್ನು ಬರೆದಿಡಿ.

ಹಾಗೆಂದು ಹಳೆಯ ಏಜೆಂಟನ್ನೇ ಹಿಡಿದುಕೊಂಡಿರುವುದೂ ಸರಿಯಲ್ಲ. ಪೋಸ್ಟ್‌ಗ್ರೆಸ್ 17ರಲ್ಲಿ ಚೆಕ್‌ಪಾಯಿಂಟ್ (ಮೆಮೊರಿಯ ಬದಲಾವಣೆಗಳನ್ನು ಡಿಸ್ಕ್‌ಗೆ ಬರೆಯುವ ಹಂತ) ಅಂಕಿಅಂಶಗಳು ಬಿಜಿರೈಟರ್ ವ್ಯೂನಿಂದ (ಅಂಕಿಅಂಶ ತೋರಿಸುವ ಕೋಷ್ಟಕದಿಂದ) ಹೊರಬಂದು ಬೇರೆಯದೇ ವ್ಯೂ ಸೇರಿದವು, ಮೈಎಸ್‌ಕ್ಯೂಎಲ್ 8.4ರಲ್ಲಿ, ದತ್ತಾಂಶ ಇನ್ನೊಂದು ಸರ್ವರ್‌ಗೆ ನಕಲಾಗುವ (ರೆಪ್ಲಿಕೇಶನ್) ಸ್ಥಿತಿಯನ್ನು ತೋರಿಸುವ ‘ಶೋ ಸ್ಲೇವ್ ಸ್ಟೇಟಸ್’ ಆದೇಶವನ್ನೇ ತೆಗೆದುಹಾಕಿದರು. ಡೇಟಾಬೇಸ್ ಮುಂದೆ ಹೋಗಿ ಏಜೆಂಟ್ ಹಿಂದುಳಿದರೆ ರೆಪ್ಲಿಕೇಶನ್ ಎಷ್ಟು ತಡವಾಗುತ್ತಿದೆ ಎಂಬುದೇ ತಿಳಿಯದೆ ಹೋಗಬಹುದು.

ಉತ್ತರ 2: ಮೇಲಿನವರ ಮಾತು ಒಪ್ಪತಕ್ಕದ್ದೇ, ಆದರೆ ಸರ್ವರನ್ನೂ ಏಜೆಂಟನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಾವು ಬಳಸುವ ಜ್ಯಾಬಿಕ್ಸ್ ಎಂಬ ನಿಗಾ ತಂತ್ರಾಂಶದಲ್ಲಿ ಹೊಸ ಪ್ರಮುಖ ಆವೃತ್ತಿಯ ಸರ್ವರ್ ಮೊದಲ ಬಾರಿ ಚಾಲೂ ಆದೊಡನೆ ತನ್ನ ಡೇಟಾಬೇಸ್ ಸ್ಕೀಮಾವನ್ನು (ಟೇಬಲ್‌ಗಳ ರಚನೆಯನ್ನು) ತಾನೇ ಬದಲಿಸಿಕೊಳ್ಳುತ್ತದೆ. ಆಮೇಲೆ ಹಿಂದಿನ ಆವೃತ್ತಿಗೆ ಮರಳಲು ಬ್ಯಾಕಪ್ ಹೊರತು ಬೇರೆ ದಾರಿಯಿಲ್ಲ. ಹೀಗಾಗಿ ಸರ್ವರ್‌ನ ಪ್ರಮುಖ ಆವೃತ್ತಿಯನ್ನು ಇಂದಿಗೂ ಮನುಷ್ಯರೇ, ಬ್ಯಾಕಪ್ ಪರೀಕ್ಷಿಸಿದ ನಂತರ ಬದಲಿಸುತ್ತೇವೆ. ಹೊಸ ಸರ್ವರ್ ಹಳೆಯ ಏಜೆಂಟ್‌ಗಳೊಡನೆ ಹೊಂದಿಕೊಳ್ಳುವುದರಿಂದ ಏಜೆಂಟ್‌ಗಳಿಗೆ ಆತುರವಿಲ್ಲ. ತಂತ್ರಾಂಶವನ್ನು ಕಂಟೇನರ್‌ಗಳಲ್ಲಿ ಓಡಿಸುವ ಡಾಕರ್ ಬಳಸುವವರು ‘ಲೇಟೆಸ್ಟ್’ ಟ್ಯಾಗನ್ನು ಬಿಟ್ಟು ನಿರ್ದಿಷ್ಟ ಆವೃತ್ತಿಯನ್ನೇ ನಮೂದಿಸಲಿ.

ಇನ್ನೊಂದು ವಿಷಯ. ಡೆಬಿಯನ್ ಲಿನಕ್ಸ್‌ನಲ್ಲಿ ತಾನಾಗಿ ಅಪ್‌ಡೇಟ್ ಮಾಡುವ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ತನ್ನ ಪಟ್ಟಿಯಲ್ಲಿರುವ ಮೂಲಗಳಿಂದ ಮಾತ್ರ ಪ್ಯಾಕೇಜ್ ತರುತ್ತದೆ. ಹೊರಗಿನ ರೆಪೊಸಿಟರಿಯನ್ನು (ಪ್ಯಾಕೇಜ್ ಭಂಡಾರವನ್ನು) ಅಲ್ಲಿ ಸೇರಿಸದಿದ್ದರೆ ನಿಮ್ಮ ಏಜೆಂಟ್ ಇದ್ದಲ್ಲೇ ಇರುತ್ತದೆ, ನೀವು ಅಪ್‌ಡೇಟ್ ಆಗುತ್ತಿದೆಯೆಂದೇ ನಂಬಿರುತ್ತೀರಿ.

ಉತ್ತರ 3: ನಾವು ಮೊದಲು ಪರೀಕ್ಷಾ ಯಂತ್ರ, ಆಮೇಲೆ ಒಂದು ರೆಪ್ಲಿಕಾ (ಡೇಟಾಬೇಸ್‌ನ ನಕಲು ಸರ್ವರ್), ಕೆಲವು ದಿನ ಬಿಟ್ಟು ಉಳಿದ ರೆಪ್ಲಿಕಾಗಳು, ಕೊನೆಗೆ ಪ್ರೈಮರಿ (ಮೂಲ ಸರ್ವರ್) ಎಂಬ ಕ್ರಮವನ್ನು ಅನುಸರಿಸುತ್ತೇವೆ. ಏಜೆಂಟ್‌ನ ಹೊಸ ಆವೃತ್ತಿ ಕೆಲವೊಮ್ಮೆ ಹೊಸ ಕ್ವೆರಿಗಳನ್ನೂ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳನ್ನೂ) ಹೊತ್ತು ತರುತ್ತದೆ; ಸಾವಿರಾರು ಟೇಬಲ್‌ಗಳಿರುವೆಡೆ ಅವೇ ಹೊರೆಯಾಗಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ನಿಗಾಕ್ಕೆಂದು ಇಟ್ಟಿರುವ ರೋಲ್‌ಗೆ (ಬಳಕೆದಾರ ಖಾತೆಗೆ) ‘ಸ್ಟೇಟ್‌ಮೆಂಟ್ ಟೈಮ್‌ಔಟ್’ (ಕ್ವೆರಿಯ ಸಮಯ ಮಿತಿ) ಮತ್ತು ಕನೆಕ್ಷನ್ ಮಿತಿ ಎರಡನ್ನೂ ನಿಗದಿಪಡಿಸಿ. ಪರೀಕ್ಷಾ ರೆಪ್ಲಿಕಾದಲ್ಲಿ ಪ್ರತಿ ಅಪ್‌ಡೇಟ್‌ನ ನಂತರ ರೆಪ್ಲಿಕೇಶನನ್ನು ಬೇಕೆಂದೇ ನಿಲ್ಲಿಸುತ್ತೇವೆ. ಪಾಳಿಯಲ್ಲಿರುವವರ ಫೋನಿಗೆ ಎಚ್ಚರಿಕೆ ತಲುಪಿದರೆ ಮಾತ್ರ ಮುಂದಿನ ಗುಂಪಿನ ಯಂತ್ರಗಳಿಗೆ ಅನುಮತಿ.