ಕ್ಸಾಬಿ ಅಲೊನ್ಸೊ ಕೋಚ್ ಆಗಲು ಅಷ್ಟು ನಿಧಾನಿಸಬೇಕಿತ್ತೇ?

ಪ್ರಶ್ನೆ:
ಫುಟ್‌ಬಾಲ್ ವಿಶ್ವಕಪ್, ಎರಡು ಯುರೊ ಕಪ್, ಲಿವರ್‌ಪೂಲ್ ಮತ್ತು ರಿಯಲ್ ಮ್ಯಾಡ್ರಿಡ್ ಕ್ಲಬ್‌ಗಳ ಪರ ಒಂದೊಂದು ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ) ಗೆದ್ದ ಸ್ಪೇನ್‌ನ ಕ್ಸಾಬಿ ಅಲೊನ್ಸೊ 2017ರಲ್ಲಿ ಬಯರ್ನ್ ಮ್ಯೂನಿಕ್‌ನಲ್ಲಿ ಆಟ ನಿಲ್ಲಿಸಿದರು. ಅಂಥವರಿಗೆ ದೊಡ್ಡ ಕ್ಲಬ್‌ನ ಕೋಚ್ ಹುದ್ದೆ ಸಿಗುವುದು ಕಷ್ಟವೇನಿರಲಿಲ್ಲ. ಆದರೂ ಅವರು ರಿಯಲ್ ಮ್ಯಾಡ್ರಿಡ್ ಅಕಾಡೆಮಿಯ 14 ವರ್ಷದೊಳಗಿನ ಹುಡುಗರಿಂದ ಆರಂಭಿಸಿ, ಬಳಿಕ ಮೂರು ವರ್ಷ ರಿಯಲ್ ಸೊಸಿಯೆಡಾಡ್‌ನ ಬಿ ತಂಡದಲ್ಲಿ ಉಳಿದರು. ಇದು ಅಗತ್ಯವಿತ್ತೇ? ಜಿಲ್ಲಾ ಮಟ್ಟದಲ್ಲಿ ಆಡುತ್ತಿದ್ದ ನಾನು ಮಂಡಿನೋವಿನಿಂದ ಆಟ ಬಿಟ್ಟಿದ್ದು, ಈಗ ಕೋಚಿಂಗ್‌ನ ಆರಂಭಿಕ ಹಂತದ ಡಿ ಲೈಸೆನ್ಸ್ ಮಾಡುವ ಯೋಚನೆಯಲ್ಲಿದ್ದೇನೆ; ಆದ್ದರಿಂದ ಕೇಳುತ್ತಿದ್ದೇನೆ.

ಉತ್ತರ 1:
ಅಗತ್ಯವಿತ್ತು ಎಂದೇ ನನ್ನ ಅಭಿಪ್ರಾಯ. ಇಂಗ್ಲೆಂಡ್‌ನ ಮಾಜಿ ಆಟಗಾರ ಗ್ಯಾರಿ ನೆವಿಲ್ ಅವರನ್ನೇ ನೋಡಿ. ಟಿವಿಯಲ್ಲಿ ಪಂದ್ಯವನ್ನು ಅವರಷ್ಟು ಚೆನ್ನಾಗಿ ಬಿಡಿಸಿ ಹೇಳುವವರು ಕಡಿಮೆ. ಆದರೆ 2015ರ ಡಿಸೆಂಬರ್‌ನಲ್ಲಿ ಸ್ಪೇನ್‌ನ ವಲೆನ್ಸಿಯಾ ಕ್ಲಬ್‌ನ ಮುಖ್ಯ ಕೋಚ್ ಆಗಿ ಹೋದವರು ಬಾರ್ಸಿಲೋನಾ ಎದುರು 7–0 ಸೋಲು ಕಂಡು, ನಾಲ್ಕು ತಿಂಗಳು ತುಂಬುವ ಮೊದಲೇ ಹುದ್ದೆ ಕಳೆದುಕೊಂಡರು. ಚೆಂಡು ಕಾಲಿಗೆ ಬರುವ ಮುನ್ನವೇ ತಲೆಯೆತ್ತಿ ಸುತ್ತ ನೋಡುವುದು ಅಲೊನ್ಸೊ ಅವರಿಗೆ ಉಸಿರಾಡಿದಷ್ಟು ಸಹಜವಾಗಿತ್ತು. ಹಾಗೆ ಸಹಜವಲ್ಲದ ಹುಡುಗನಿಗೆ ಅದನ್ನು ಹೇಳಿಕೊಡುವುದು ಬೇರೆಯೇ ವಿದ್ಯೆ.

ಉತ್ತರ 2:
ಅರ್ಧ ಮಾತ್ರ ಒಪ್ಪುತ್ತೇನೆ. ಅಲೊನ್ಸೊ ಅವರ ಬಿ ತಂಡ 2021ರಲ್ಲಿ ಎರಡನೇ ಡಿವಿಷನ್‌ಗೆ ಏರಿ ಮರುವರ್ಷವೇ ಕೆಳಗಿಳಿಯಿತು ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಹಾಗೆ ಇಳಿದ ತಂಡದ ಕೋಚ್‌ನನ್ನೇ 2022ರ ಅಕ್ಟೋಬರ್‌ನಲ್ಲಿ, ಪಟ್ಟಿಯ ತಳದಿಂದ ಎರಡನೆಯದಾಗಿದ್ದ ಜರ್ಮನಿಯ ಲೆವರ್‌ಕುಸೆನ್ ಕ್ಲಬ್ ಕರೆಸಿಕೊಂಡಿತು. 2023–24ರಲ್ಲಿ 28 ಗೆಲುವು, 6 ಡ್ರಾಗಳೊಂದಿಗೆ ಒಂದೂ ಪಂದ್ಯ ಸೋಲದೆ ಆ ಕ್ಲಬ್ ತನ್ನ ಮೊದಲ ಬುಂಡೆಸ್‌ಲೀಗಾ (ಜರ್ಮನಿಯ ಅಗ್ರ ಲೀಗ್) ಗೆದ್ದಿತು. ಆಡುತ್ತಿದ್ದಾಗ ಬೆನಿಟೆಜ್, ಮೌರಿನೊ, ಅನ್ಚೆಲೊಟ್ಟಿ, ಗ್ವಾರ್ಡಿಯೊಲಾ ಈ ನಾಲ್ವರು ಕೋಚ್‌ಗಳ ಕೈಕೆಳಗೂ ಪಳಗಿದ್ದು ಅವರ ನಿಜವಾದ ಶಾಲೆ. ಆರ್ಸೆನಲ್‌ನಿಂದ ಗ್ರಾನಿಟ್ ಶಾಕಾ ಅವರನ್ನು ತರಿಸಿ, ತಾವು ಆಡುತ್ತಿದ್ದ ನಡು ಮೈದಾನದಲ್ಲೇ ನಿಲ್ಲಿಸಿದರು. ಹಿಂದೆ ಮೂವರು ಡಿಫೆಂಡರ್‌ಗಳಿದ್ದುದರಿಂದ ಎಡಕ್ಕೆ ಗ್ರಿಮಾಲ್ಡೊ, ಬಲಕ್ಕೆ ಫ್ರಿಂಪಾಂಗ್ ನಿಶ್ಚಿಂತೆಯಿಂದ ಮುನ್ನುಗ್ಗುತ್ತಿದ್ದರು. ಹೀಗೆ ಅಂಚಿನಲ್ಲಿ ಓಡುವ ವಿಂಗ್‌ಬ್ಯಾಕ್‌ಗಳು ಫಾರ್ವರ್ಡ್‌ಗಳಂತೆ ಗೋಲು ಹೊಡೆಯುವುದನ್ನು ನೋಡಲೆಂದೇ ನಾನು ಆ ವರ್ಷ ನಿದ್ದೆಗೆಟ್ಟೆ.

ಪ್ರಶ್ನೆ ಕೇಳಿದವರು:
ತಂಡ ಕೆಳಗಿಳಿದ ವಿಷಯ ನನಗೆ ತಿಳಿದಿರಲಿಲ್ಲ. ಹಾಗಾದರೆ ನಾನು ದೊಡ್ಡವರ ತಂಡದಿಂದಲೇ ಆರಂಭಿಸಬಹುದೇ?

ಉತ್ತರ 3:
ದಯವಿಟ್ಟು ಹುಡುಗರಿಂದಲೇ ಆರಂಭಿಸಿ. ದೊಡ್ಡವರು ಹೇಳಿದ್ದಕ್ಕೆ ತಲೆಯಾಡಿಸಿ, ಮೈದಾನಕ್ಕಿಳಿದು ತಮಗೆ ತೋಚಿದಂತೆ ಆಡುತ್ತಾರೆ. ಹುಡುಗರು ಹಾಗಲ್ಲ. ನಾನು ಎಂಟು ವರ್ಷ ಲೆಫ್ಟ್ ಬ್ಯಾಕ್ (ಎಡಬದಿಯ ಡಿಫೆಂಡರ್) ಆಡಿದವನು. ಕಲಿಸಲು ಶುರುಮಾಡಿದ ಮೊದಲ ಭಾನುವಾರ, ಚೆಂಡು ಆಚೆ ಬದಿಯಲ್ಲಿದ್ದಾಗ ಒಳಕ್ಕೆ ಸರಿದು ನಿಲ್ಲು ಎಂದು ಹನ್ನೆರಡರ ಹುಡುಗನೊಬ್ಬನಿಗೆ ಹೇಳಿದೆ. "ಯಾಕೆ ಸರ್, ನನ್ನ ಕಡೆ ಎದುರಾಳಿ ಆಟಗಾರ ಒಬ್ಬನೇ ಇದ್ದಾನಲ್ಲ?" ಎಂದು ಅವನು ಕೇಳಿದ. ಉತ್ತರ ನನ್ನ ಕಾಲಿಗೆ ಗೊತ್ತಿತ್ತು, ಬಾಯಿಗೆ ಬರಲಿಲ್ಲ; ವಿಸಿಲ್ ಊದಿ ಆಟ ಮುಂದುವರಿಸಿದೆ.